ಮುಂಬಾಗಿಲಿಗೆ ಬಂದ ಬುಟ್ಟಿ

ಮೊದಲು ನಿಂಬೆಹಣ್ಣು ತಿಕ್ಕಿದೆ. ಆಮೇಲೆ ಸೋಡಾ ಪುಡಿ. ಆಮೇಲೆ ಪಾತ್ರೆ ತೊಳೆಯುವ ನಾರು ಹಿಡಿದು ಚರ್ಮ ಉರಿಯುವವರೆಗೆ ಉಜ್ಜಿದೆ. ಮೀನಿನ ವಾಸನೆ ಹೋಗಲಿಲ್ಲ. ಅದು ಮೇಲೆ ಮೇಲೆ ಕೂತ ವಾಸನೆಯಲ್ಲ. ಉಗುರಿನ ಸಂದಿಗೆ, ಕೂದಲ ಬುಡಕ್ಕೆ ಇಳಿದದ್ದು. ಮಗಳು ಹುಟ್ಟುವ ಮೊದಲಿನಿಂದ ನಾನು ಮೀಸೆಮೀನಿನ ಫ್ಯಾಕ್ಟರಿಯಲ್ಲಿ ಚಾಕು ಹಿಡಿದು ನಿಂತವಳು.

ನನ್ನ ಹೆಸರು ಟವಾನಾ. ಅಲಬಾಮಾದಲ್ಲಿ, ಹತ್ತಿ ಬೆಳೆ ಹೋಗಿ ಮೀನಿನ ಕೆರೆ ಬಂದ ಸೀಮೆ ನಮ್ಮದು. ಕೆರೆ ಬಿಳಿಯರದು. ಫ್ಯಾಕ್ಟರಿ ಬಿಳಿಯರದು. ಚಾಕು ಹಿಡಿಯುವ ಕೈ ನಮ್ಮದು. ಬೆಲ್ಟಿನ ಮೇಲೆ ತಲೆ ಹೋದ ಮೀನು ಬರುತ್ತದೆ. ಎಡಕ್ಕೊಂದು ಗೀರು, ಬಲಕ್ಕೊಂದು ಗೀರು. ಮಾಂಸ ಒಂದು ಕಡೆ, ಮುಳ್ಳು ಒಂದು ಕಡೆ. ಕೆಳಗೆ ಐಸಿನ ನೀರು. ರಬ್ಬರ್ ಬೂಟಿನೊಳಗೆ ಕಾಲು ಸತ್ತಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ಬೆರಳು ಮಡಚುವುದಿಲ್ಲ. ಮಡಚಿದರೆ ಬಿಚ್ಚುವುದಿಲ್ಲ. ಉಚ್ಚೆಗೆ ಹೋಗಬೇಕಾದರೆ ಕೈಯೆತ್ತಿ ಕೇಳಬೇಕು. ಕೈಯೆತ್ತಿದರೆ ಸೂಪರ್‌ವೈಸರ್ ಡ್ವೈಟ್ ಗಡಿಯಾರ ನೋಡುತ್ತಾನೆ.

ಇಂಥ ಕೈಯನ್ನು ನಾನು ಶಾಲೆಗೆ ಹೋಗಲೆಂದು ತಿಕ್ಕುತ್ತಿದ್ದೆ.

ಮಗಳು ಇಮಾರಿ ಒಂದನೇ ಕ್ಲಾಸು. ಅವರ ಕ್ಲಾಸಿನಲ್ಲಿ ಶುಕ್ರವಾರ ಯಾರಾದರೊಬ್ಬರ ಮನೆಯವರು ಬಂದು ಒಂದು ಚಿತ್ರದ ಪುಸ್ತಕ ಓದಬೇಕು. ಮನೆಯಿಂದಲೇ ಪುಸ್ತಕ ತರಬಹುದು ಎಂದು ಟೀಚರ್ ಹೇಳಿದ್ದರು. ಇಮಾರಿ ನನ್ನನ್ನು ಕೇಳದೆ ನನ್ನ ಹೆಸರು ಕೊಟ್ಟು ಬಂದಳು.

“ನಮ್ಮಮ್ಮ ಬರ್ತಾಳೆ ಅಂತ ಮಿಸ್‌ಗೆ ಹೇಳ್ಬಿಟ್ಟೆ.”

“ಯಾಕೆ ಹೇಳ್ದೆ? ನಂಗೆ ಸರಿಯಾಗಿ ಓದಕ್ ಬರಲ್ಲ ಕಣೇ.”

“ನಂಗೂ ಬರಲ್ಲ. ಆದ್ರೂ ನಾನ್ ದಿನಾ ಓದಲ್ವಾ?”

ಅಮ್ಮ ಹಾಸಿಗೆ ಹಿಡಿದಾಗ ನಾನು ಶಾಲೆ ಬಿಟ್ಟವಳು. ಓದು ಬರುತ್ತದೆ. ಹಳೇ ಟ್ರ್ಯಾಕ್ಟರಿನ ಹಾಗೆ. ಮುಂದೆ ಹೋಗುತ್ತದೆ, ಸದ್ದು ಜಾಸ್ತಿ.

ಪುಸ್ತಕ ಮಾತ್ರ ನನ್ನ ಹತ್ತಿರ ಇತ್ತು. ನಮ್ಮ ಚರ್ಚಿನ ವರ್ಷದ ಊಟದ ದಿನ ಪಕ್ಕದ ಜಿಲ್ಲೆಯ ಒಬ್ಬ ಮುದುಕಿ ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡು ಮಾರುತ್ತಿದ್ದಳು. ಬರೆದವಳೂ ಅವಳೇ. ನಮ್ಮವಳು. ಬಟ್ಟೆ ಒಗೆಯುತ್ತಿದ್ದ ತನ್ನ ಅಜ್ಜಿಯ ಕತೆ. ಪುಟದ ತುಂಬ ಚಿತ್ರ. ಚಿತ್ರದ ತುಂಬ ನಮ್ಮ ಬಣ್ಣ. ಇಮಾರಿ ಶಾಲೆಯಿಂದ ತರುತ್ತಿದ್ದ ಪುಸ್ತಕಗಳಲ್ಲಿ ಕರಡಿ ಇತ್ತು, ಬಾತುಕೋಳಿ ಇತ್ತು, ನಾಯಿ ಸಾಕಿದ ಬಿಳಿ ಹುಡುಗ ಇದ್ದ. ನಮ್ಮಂಥ ಮುಖ ಇದ್ದದ್ದು ಒಂದೇ ಪುಸ್ತಕದಲ್ಲಿ. ಅದೂ ಕಪ್ಪು ಜನರ ಚರಿತ್ರೆಯ ತಿಂಗಳು ಎಂದು ಫೆಬ್ರವರಿಯಲ್ಲಿ ಹೊರಗೆ ಬಂದು ಮಾರ್ಚಿಗೆ ಕಪಾಟು ಸೇರುತ್ತಿತ್ತು.

ಫ್ಯಾಕ್ಟರಿಯಲ್ಲಿ ಊಟದ ಬಿಡುವಿಗೆ ಅಭ್ಯಾಸ ಮಾಡಿದೆ. ಬೆಂಚಿನ ಮೇಲೆ ಹೆಂಗಸರು, ತಲೆಗೆ ಬಲೆ ಟೋಪಿ, ಕಾಲಿಗೆ ಬೂಟು. ನನ್ನ ಪಕ್ಕದ ಜಾಗ ಮಿಸ್ ಅರ್ನೆಸ್ಟೀನ್‌ದು. ಎಲ್ಲರಿಗಿಂತ ಹಿರಿಯಳು, ಅದಕ್ಕೇ ನಾವು ಮಿಸ್ ಎನ್ನುವುದು. ಅವಳ ಮೊಮ್ಮಗ ಇಮಾರಿಯ ಕ್ಲಾಸೇ. ಎದುರಿಗೆ ಡೆಲೋಯಿಸ್. ಅವಳ ಬಾಯಿಗೆ ಬೀಗವಿಲ್ಲ.

“‘ಅಜ್ಜಿ ಹೊ... ಹೊಸ್...’” ನಾನು ನಿಂತೆ.

“ಹೊಸ್ತಿಲು ಕಣೇ,” ಎಂದಳು ಡೆಲೋಯಿಸ್. “ದಾಟ್ತೀಯೋ ಅಲ್ಲೇ ಎಡವಿ ಬೀಳ್ತೀಯೋ?”

“ಸುಮ್ನಿರೆ. ಓದಕ್ ಬಿಡು ಅವ್ಳಿಗೆ,” ಎಂದಳು ಮಿಸ್ ಅರ್ನೆಸ್ಟೀನ್. “ಮೊದ್ಲು ಹಿಂದಗಡೆ ತೋರ್ಸು ಮಗಳೇ. ಬರ್ದೋಳ ಫೋಟೋ ನೋಡ್ಬೇಕು.”

ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು.

“ಇವ್ಳಾ ಬರ್ದಿದ್ದು? ನಮ್ಮ ಪಾದ್ರಿ ಅಕ್ಕನ ಥರಾ ಇದಾಳಲ್ಲೆ! ನಮ್ಮಂಥೋರೂ ಪುಸ್ತಕ ಬರೀತಾರಾ, ಅದೂ ಮಕ್ಕಳಿಗೆ?”

ಅವಳು ಆಡಿಕೊಂಡದ್ದಲ್ಲ. ನಿಜವಾಗಿ ಕೇಳಿದ್ದು.

ಶುಕ್ರವಾರ ಬಂತು. ಬೆಳಗಿನ ಪಾಳಿ ಮುಗಿಸಿ ನೇರ ಶಾಲೆಗೆ ಹೋದೆ. ಟೀಚರ್ ಮಿಸ್ ಹ್ಯಾಂಕಾಕ್, ಬಿಳಿ ಹುಡುಗಿ, ಕೆಲಸಕ್ಕೆ ಹೊಸಬಳು. ಮಕ್ಕಳು ನೆಲದ ಮೇಲೆ ಕೂತಿದ್ದರು. ಅರ್ಧ ಕಪ್ಪು, ಅರ್ಧ ಬಿಳಿ. ಹಿಂದೆ ಕುರ್ಚಿಯಲ್ಲಿ ಮಿಸೆಸ್ ಲ್ಯಾಂಗ್‌ಫೋರ್ಡ್. ಒಬ್ಬ ಹುಡುಗನ ತಾಯಿ, ಟೀಚರಿಗೆ ನೆರವಾಗಲು ಬರುತ್ತಿದ್ದಳು. ನಾನು ಕೂತ ಮೇಲೆ ಅವಳು ಎದ್ದಳು. ಕಿಟಕಿಯ ಹತ್ತಿರದ ಡಬ್ಬಿ ತೆಗೆದಳು. ನನ್ನ ತಲೆಯ ಮೇಲಿನ ಗಾಳಿಗೆ ಸುವಾಸನೆ ಹೊಡೆದಳು. ಮತ್ತೆ ಕೂತಳು. ಇಮಾರಿ ತನ್ನ ಶೂ ನೋಡಿಕೊಂಡಳು.

ನಾನು ಪುಸ್ತಕ ತೆರೆದೆ.

ಅಜ್ಜಿ ದೊಡ್ಡ ಮನೆಯ ಬಟ್ಟೆ ಒಗೆದಳು. ನೀಲಿ ಹಾಕಿದಳು. ಇಸ್ತ್ರಿ ಮಾಡಿದಳು. ಬುಟ್ಟಿಗೆ ತುಂಬಿ ತಲೆ ಮೇಲೆ ಹೊತ್ತಳು. ದೊಡ್ಡ ಮನೆಗೆ ಎರಡು ಬಾಗಿಲು. ಮುಂದಿನದು ಅಜ್ಜಿಗಲ್ಲ. ಹಿಂದಿನದರ ಹತ್ತಿರ ನಾಯಿ ಕಟ್ಟಿದ್ದರು. ನಾಯಿ ಅಜ್ಜಿಯ ಲಂಗ ಹರಿಯಿತು. ಮುಂದಿನ ವಾರವೂ ಹರಿಯಿತು.

ನಾನು ಎಡವುತ್ತ ಓದಿದೆ. ಮಕ್ಕಳು ಎಡವಲಿಲ್ಲ. ನನಗಿಂತ ಮುಂದೆ ಓಡುತ್ತಿದ್ದರು.

“ನಾಯಿ ಕಚ್ತಾ?”

“ಮುಂದಿನ ಬಾಗಿಲಿಂದ ಯಾಕ್ ಹೋಗ್ಬಾರ್ದು?” ಒಬ್ಬ ಬಿಳಿ ಹುಡುಗಿ ಕೇಳಿದಳು.

ಹಿಂದೆ ಕುರ್ಚಿ ಕಿರುಗುಟ್ಟಿತು. ಮಿಸೆಸ್ ಲ್ಯಾಂಗ್‌ಫೋರ್ಡ್ ಹೊರಗೆ ಹೋದಳು.

“‘ಇವತ್ತು ಅಜ್ಜಿ ಹಿಂದಕ್ಕೆ ಹೋಗಲಿಲ್ಲ,’” ಎಂದು ಓದಿದೆ. ಮಕ್ಕಳ ಬಾಯಿ ತೆರೆದೇ ಇತ್ತು. ಬಾಗಿಲಲ್ಲಿ ಚಪ್ಪಾಳೆಯ ಸದ್ದು ಕೇಳಿತು. ಪ್ರಿನ್ಸಿಪಾಲ್ ಮಿಸ್ಟರ್ ಪ್ರೂಯಿಟ್. ಹಿಂದೆ ಅವಳು.

“ನೀವು ಕೂತ್ಕೊಳ್ಳಿ ಮಿಸೆಸ್ ಲ್ಯಾಂಗ್‌ಫೋರ್ಡ್,” ಎಂದ. ನನ್ನ ಕಡೆ ತಿರುಗಿದ. “ನೋಡು ಟವಾನಾ, ಇಷ್ಟು ಸಾಕು.”

ಅವಳು ಮಿಸೆಸ್. ನಾನು ಟವಾನಾ. ನನಗೂ ಒಂದು ಮನೆತನದ ಹೆಸರಿದೆ.

“ಇನ್ನೂ ಮುಗಿದಿಲ್ಲ ಸರ್.”

“ಚಿಕ್ಕ ಮಕ್ಕಳು. ಮನಸ್ಸಿಗೆ ಬೇಜಾರಾಗೋ ಕತೆ ಬೇಡ. ಆ ಪುಸ್ತಕ ಇಲ್ಲಿ ಕೊಡು. ಇದನ್ನ ಓದು.” ಕಪಾಟಿನಿಂದ ಬಾತುಕೋಳಿ ತೆಗೆದು ನನ್ನ ತೊಡೆಯ ಮೇಲಿಟ್ಟ.

“ಯಾವ ಮಗೂಗೆ ಬೇಜಾರಾಯ್ತು ಸರ್? ಕೇಳಿ ಇವರನ್ನ.”

ಅವನು ಕೇಳಲಿಲ್ಲ. ಕೈ ಚಾಚಿದ. ನನ್ನ ಬೆರಳು ಪುಸ್ತಕದ ಮೇಲೆ ಮಡಚಿಕೊಂಡಿತ್ತು. ಬಿಚ್ಚಲಿಲ್ಲ. ನೋವಿಗೋ ಸಿಟ್ಟಿಗೋ ನಾನು ಹೇಳಲಾರೆ. ಬಾತುಕೋಳಿಯನ್ನು ನೆಲದ ಮೇಲಿಟ್ಟೆ. ಎದ್ದೆ. ನಾನು ಬಾಗಿಲು ದಾಟುವ ಮೊದಲೇ ಆ ಡಬ್ಬಿಯ ಸದ್ದು ಮತ್ತೆ ಕೇಳಿತು.

ಮರುದಿನ ಬೆಂಚಿನ ಮೇಲೆ ಹೇಳಿದೆ. ಡೆಲೋಯಿಸ್ ಬೈದ ಬೈಗುಳ ಇಲ್ಲಿ ಬರೆಯುವುದಿಲ್ಲ. ಮಿಸ್ ಅರ್ನೆಸ್ಟೀನ್ ರೊಟ್ಟಿ ಅಗಿದು ಮುಗಿಸಿದಳು.

“ಎಲ್ಲಿಗ್ ನಿಲ್ಸಿದ್ದು?”

“ಹಿಂದಕ್ಕೆ ಹೋಗ್ಲಿಲ್ಲ ಅನ್ನೋ ಕಡೆ.”

“ನನ್ನ ಮೊಮ್ಮಗ ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ. ಬಾಗಿಲು ತೆಗೆದ್ರಾ ಅಜ್ಜಿ, ತೆಗೆದ್ರಾ ಅಂತ. ನಂಗೂ ತಲೆ ಕೆಟ್ಟೋಯ್ತು. ಪುಸ್ತಕ ಕೊಡು ಇಲ್ಲಿ.”

“ನಿಮಗ್ಯಾಕೆ ಮಿಸ್ ಅರ್ನೆಸ್ಟೀನ್ ಈ ರಗಳೆ?”

“ನಾನೂ ಹಿಂಬಾಗಿಲಿಗೇ ಹೋದೋಳು ಕಣೇ. ಅಮ್ಮನ ಜೊತೆ, ಇಷ್ಟುದ್ದ ಇದ್ದಾಗ. ಆ ನಾಯಿ ಹೆಸರು ಕೂಡ ಗೊತ್ತು ನಂಗೆ. ಕೊಡು.”

ಮುಂದಿನ ಶುಕ್ರವಾರ ಅವಳು ಚರ್ಚಿನ ನೇರಳೆ ಹ್ಯಾಟು ಹಾಕಿಕೊಂಡು ಹೋದಳು. ಕೈಚೀಲದಿಂದ ಬೈಬಲ್ ತೆಗೆದಳು. ಟೀಚರ್ ನೆಮ್ಮದಿಯಿಂದ ಉಸಿರು ಬಿಟ್ಟಳಂತೆ. ಮಿಸ್ ಅರ್ನೆಸ್ಟೀನ್ ಬೈಬಲ್ ಕೆಳಗಿನಿಂದ ಪುಸ್ತಕ ತೆಗೆದಳು.

“ಟವಾನಾ ಆಂಟಿ ಎಲ್ಲಿಗ್ ನಿಲ್ಸಿದ್ರು ಮಕ್ಕಳೇ?”

“ಹಿಂದಕ್ಕೆ ಹೋಗ್ಲಿಲ್ಲಾ!” ಇಡೀ ಕ್ಲಾಸು ಕೂಗಿತು.

ಅಜ್ಜಿ ಮುಂಬಾಗಿಲ ಮೆಟ್ಟಿಲು ಹತ್ತಿದಳು. ಬುಟ್ಟಿ ಹೊಸ್ತಿಲ ಮೇಲೆ ಇಟ್ಟಳು. ಬಾಗಿಲು ತಟ್ಟಿದಳು. ಅಷ್ಟರಲ್ಲಿ ಪ್ರೂಯಿಟ್ ಬಂದ. ನಿಲ್ಲಿಸು ಎಂದ. ಮಿಸ್ ಅರ್ನೆಸ್ಟೀನ್‌ಗೆ ಯಂತ್ರದ ಸದ್ದಿಗೆ ಒಂದು ಕಿವಿ ಹೋಗಿದೆ. ಹೋಗದ ಕಿವಿಯನ್ನೂ ಅವತ್ತು ಮುಚ್ಚಿಕೊಂಡಳು. ಅವನು ದನಿ ಏರಿಸಿದಷ್ಟೂ ಅವಳೂ ಏರಿಸಿದಳು. ಪ್ರೂಯಿಟ್ ಶಾಲೆಯ ಪೊಲೀಸನನ್ನು ಕರೆದ.

ಪೊಲೀಸನ ಹೆಸರು ಟೈರೆಲ್. ನಮ್ಮವನೇ. ಮಿಸ್ ಅರ್ನೆಸ್ಟೀನ್ ಚರ್ಚಿನಲ್ಲಿ ಪಾಠ ಹೇಳಿ ಬೆಳೆಸಿದ ಹುಡುಗ.

“ಟೋಪಿ ತೆಗಿಯೋ ಟೈರೆಲ್. ಮಕ್ಕಳ ಕ್ಲಾಸಿದು,” ಎಂದಳು.

ಸೊಂಟದಲ್ಲಿ ಪಿಸ್ತೂಲಿದ್ದವನು ಟೋಪಿ ತೆಗೆದು ಕೈಯಲ್ಲಿ ಹಿಡಿದ. ಅವಳು ಆ ಪುಟ ಮುಗಿಸಿದಳು. ಒಳಗಿನಿಂದ ದೊಡ್ಡ ಮನೆಯ ಅಮ್ಮಾವ್ರು, ‘ಹಿಂದಕ್ಕೆ ಬಾ’ ಎಂದರು. ಅಜ್ಜಿ, ‘ಇಲ್ಲೇ ಇದೀನಿ’ ಎಂದಳು. ಅಲ್ಲಿಗೆ ಟೈರೆಲ್ ಮಿಸ್ ಅರ್ನೆಸ್ಟೀನ್ ತೋಳು ಹಿಡಿದ.

“ಬನ್ನಿ ಮೇಡಂ. ನನ್ನ ಕೆಲಸ ಹೋಗುತ್ತೆ.”

“ನಿನ್ ಕೆಲಸಕ್ಕೋಸ್ಕರ ಬರ್ತೀನಿ. ಇವ್ನ ಮಾತಿಗಲ್ಲ.”

ಸೋಮವಾರ ಎಲ್ಲ ಮನೆಗೂ ಸುದ್ದಿ ಬಂತು. ಹೊರಗಿನವರ ಓದು ಬಂದ್. ಟವಾನಾ, ಅರ್ನೆಸ್ಟೀನ್ ಇಬ್ಬರೂ ಶಾಲೆಯ ಜಾಗದಲ್ಲಿ ಕಾಲಿಡುವ ಹಾಗಿಲ್ಲ. ನನ್ನ ಮಗಳಿಗೆ ಜ್ವರ ಬಂದರೂ ನಾನು ಗೇಟಿನ ಹೊರಗೆ ನಿಲ್ಲಬೇಕು.

ಅದೇ ವಾರ ಡ್ವೈಟ್ ನನ್ನ ಹಿಂದೆ ಬಂದು ನಿಂತ. ಬೆಲ್ಟು ಓಡುತ್ತಲೇ ಇತ್ತು.

“ಧಣಿಗಳ ಹೆಂಡ್ತಿ ಶಾಲೆ ಕಮಿಟೀಲಿ ಇರೋದು ಗೊತ್ತಾ ನಿಂಗೆ?”

“ಗೊತ್ತು.”

“ಮೀನ್ ಕೊಯ್ಯಕ್ ಸಂಬಳ ಕೊಡೋದು. ಕತೆ ಓದಕ್ಕಲ್ಲ.”

“ಕತೆ ಓದಿದ್ದು ಪಾಳಿ ಮುಗಿದ್ಮೇಲೆ.”

“ಜಾಸ್ತಿ ಮಾತು ಬೇಡ. ಇನ್ಮೇಲೆ ಓದಲ್ಲ ಅಂತ ಒಂದ್ ಮಾತು ಹೇಳು. ಈ ಬೆಲ್ಟಲ್ಲೇ ಇರ್ತೀಯ. ಇಲ್ಲಾಂದ್ರೆ ನಾಳೆಯಿಂದ ಡಾಕಿಗೆ.”

ಡಾಕು ಎಂದರೆ ಲಾರಿಯಿಂದ ಜೀವಂತ ಮೀನು ಇಳಿಸುವ ಕಟ್ಟೆ. ಅಲ್ಲಿ ಗಂಡಸರೇ ಅಳುತ್ತಾರೆ. ಮೀಸೆಮೀನಿನ ರೆಕ್ಕೆಯಲ್ಲಿ ಮುಳ್ಳಿದೆ. ಜೀವ ಇರುವಾಗ ನೆಟ್ಟಗೆ ನಿಲ್ಲಿಸುತ್ತದೆ. ಎರಡು ಗ್ಲೌಸು ಹಾಕಿದರೂ ಒಳಗೆ ಹೋಗುತ್ತದೆ. ಹೋದ ಕಡೆ ಕೈ ಬಾತು ಬೋಂಡವಾಗುತ್ತದೆ.

ಚಾಕು ಒಂದೊಂದಾಗಿ ನಿಂತಿತು. ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ಕೊಯ್ಯದ ಮೀನು ನಮ್ಮ ಮುಂದೆ ಸಾಗಿ ಹೋಗಿ ಬೆಲ್ಟಿನ ಕೊನೆಯಲ್ಲಿ ನೆಲಕ್ಕೆ ಬೀಳುತ್ತಿತ್ತು. ಥಪ್. ಥಪ್.

ಬಾಡಿಗೆ ನೆನಪಾಯಿತು. ಇಮಾರಿ ಶೂ ನೋಡಿಕೊಂಡದ್ದು ನೆನಪಾಯಿತು.

“ಓದ್ತೀನಿ,” ಎಂದೆ.

“ಏನಂದೆ?”

“ಓದ್ತೀನಿ ಅಂದೆ. ಡಾಕು ಎಲ್ಲಿದೆ ಅಂತ ಗೊತ್ತು. ನೀನ್ ತೋರ್ಸೋದ್ ಬೇಡ.”

“ನನ್ನನ್ನೂ ಹಾಕು ಡ್ವೈಟ್,” ಡೆಲೋಯಿಸ್ ಚಾಕು ಎತ್ತಿ ಕೂಗಿದಳು. “ನಂಗೆ ಮಕ್ಕಳೂ ಇಲ್ಲ ಮರಿಯೂ ಇಲ್ಲ. ಆದ್ರೂ ಓದ್ತೀನಿ. ಎಲ್ರನ್ನೂ ಹಾಕು. ಆಮೇಲೆ ನೀನೂ ನಿನ್ ಧಣಿ ಹೆಂಡ್ತೀನೂ ಕೂತ್ಕೊಂಡು ಮೀನ್ ಕೊಯ್ರಿ.”

ಹೆಂಗಸರು ನಕ್ಕರು. ಡ್ವೈಟ್ ಕೆಂಪಾದ. ಅವಳನ್ನು ಹಾಕಲಿಲ್ಲ. ಕೈ ಕಡಿಮೆ ಇತ್ತು.

ಡಾಕಿನ ಮೊದಲ ದಿನವೇ ಹೆಬ್ಬೆರಳ ಬುಡಕ್ಕೆ ಮುಳ್ಳು ಹೋಯಿತು. ರಾತ್ರಿ ಇಮಾರಿ ಉಪ್ಪು ನೀರಿನಲ್ಲಿ ನನ್ನ ಕೈ ಅದ್ದಿ ಹಿಡಿದಳು.

“ಅಮ್ಮಾ, ಬಾಗಿಲು ತೆಗೆದ್ರಾ?”

“ಪುಸ್ತಕ ಇಲ್ಲೇ ಇದೆಯಲ್ಲ, ಓದ್ಕೋ.”

“ಉಹೂಂ. ಎಲ್ರೂ ಕಾಯ್ತಾ ಇದಾರೆ. ನಾನೊಬ್ಳೇ ಓದಿದ್ರೆ ಮೋಸ.”

ಅವತ್ತೇ ನಿರ್ಧಾರ ಮಾಡಿದೆ.

ಶಾಲೆ ಬಿಡುವ ಹೊತ್ತಿಗೆ ಮುಂದಿನ ರಸ್ತೆಯಲ್ಲಿ ಮಕ್ಕಳನ್ನು ಕರೆದೊಯ್ಯಲು ಬಂದ ಕಾರುಗಳ ಸಾಲು. ಮಕ್ಕಳು ಒಳಗೆ ಜಗಲಿಯ ಮೇಲೆ ಟೀಚರ ಜೊತೆ ಕಾಯುತ್ತಾರೆ. ರಸ್ತೆ ಶಾಲೆಯದಲ್ಲ, ಜಿಲ್ಲೆಯದು. ಶುಕ್ರವಾರ ಡೆಲೋಯಿಸ್ ತನ್ನ ಪಿಕಪ್ ಗಾಡಿಯನ್ನು ಚರಂಡಿಯ ಈಚೆ, ಜಗಲಿಗೆ ಎದುರಾಗಿ ನಿಲ್ಲಿಸಿದಳು. ನಾನು ಡಾಕಿನ ಬೂಟಿನಲ್ಲೇ ಹಿಂದೆ ಹತ್ತಿದೆ. ಮೈಮೇಲೆ ಲೋಳೆ ಒಣಗಿತ್ತು. ಅವತ್ತು ನಿಂಬೆಹಣ್ಣು ತಿಕ್ಕಿರಲಿಲ್ಲ. ಬಾತ ಕೈಯಲ್ಲಿ ಪುಸ್ತಕ ನಿಲ್ಲಲಿಲ್ಲ. ಮಿಸ್ ಅರ್ನೆಸ್ಟೀನ್ ಹತ್ತಿ ಬಂದು ಮಕ್ಕಳ ಕಡೆಗೆ ಚಿತ್ರ ತಿರುಗಿಸಿ ಹಿಡಿದಳು. ಪದಗಳು ನನಗೆ ಬಾಯಿಪಾಠವಾಗಿದ್ದವು.

“‘ಬಾಗಿಲು ತೆಗೆಯಲಿಲ್ಲ,’” ಎಂದು ಕೂಗಿದೆ.

ಜಗಲಿಯ ಮೇಲೆ ಮಕ್ಕಳು ಎದ್ದು ನಿಂತರು.

ಕಾರುಗಳ ಎಂಜಿನ್ ಸದ್ದಿಗೆ ನನ್ನ ದನಿ ಮುಳುಗಿತು. ನಮ್ಮವನೊಬ್ಬ, ಯಾರ ಅಪ್ಪನೋ ಗೊತ್ತಿಲ್ಲ, ಎಂಜಿನ್ ಆರಿಸಿದ. ಅವನ ಹಿಂದಿನವಳು ಆರಿಸಿದಳು. ಇನ್ನೊಂದು ಆರಿತು. ಬಿಳಿಯನೊಬ್ಬನ ಕಾರೂ ಆರಿತು.

“‘ಅಜ್ಜಿ ಬುಟ್ಟಿ ಎತ್ತಿಕೊಂಡು ಮನೆಗೆ ಬಂದಳು. ಭಾನುವಾರ ಬಂತು. ದೊಡ್ಡ ಮನೆಯಲ್ಲಿ ಚರ್ಚಿಗೆ ಹಾಕಲು ಬಟ್ಟೆ ಇರಲಿಲ್ಲ.’”

ಮಕ್ಕಳು ಕಿಲಕಿಲ ನಕ್ಕರು. ಆಗ ಹಾರ್ನ್ ಶುರುವಾಯಿತು. ಮಿಸೆಸ್ ಲ್ಯಾಂಗ್‌ಫೋರ್ಡ್. ಗಾಜು ಏರಿಸಿ, ಎದುರಿಗೆ ನೋಡುತ್ತ, ಅಂಗೈ ಊರಿ ಒತ್ತಿ ಹಿಡಿದಿದ್ದಳು.

ನಾನು ಓದು ನಿಲ್ಲಿಸಿದೆ. ಎಷ್ಟು ಹೊತ್ತು ಒತ್ತಿಯಾಳು? ಕೈ ನೋಯುತ್ತದೆ. ಮೊದಲು ಮಣಿಕಟ್ಟು, ಆಮೇಲೆ ಮೊಣಕೈ, ಆಮೇಲೆ ಭುಜ. ಕೈ ನೋವಿನ ವಿಚಾರ ನನಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ನಾನು ಕಾದೆ. ಮಿಸ್ ಅರ್ನೆಸ್ಟೀನ್ ಚಿತ್ರ ಇಳಿಸದೆ ಹಿಡಿದುಕೊಂಡೇ ಇದ್ದಳು. ಹಾರ್ನ್ ಒಮ್ಮೆ ತಡವರಿಸಿತು. ಮತ್ತೆ ಬಂತು. ನಿಂತಿತು.

ಪ್ರೂಯಿಟ್ ಓಡಿ ಬಂದಿದ್ದ. “ಮಿಸ್ ಹ್ಯಾಂಕಾಕ್, ಮಕ್ಕಳನ್ನ ಒಳಗೆ ಕರ್ಕೊಂಡ್ ಹೋಗಿ. ಈಗ್ಲೇ.”

ಆ ಹುಡುಗಿಯ ಮುಖ ಬಿಳಿಚಿಕೊಂಡಿತು. ಅವಳು ನನ್ನನ್ನು ನೋಡಲಿಲ್ಲ. ಮಕ್ಕಳನ್ನು ನೋಡಿದಳು.

“ಒಂದೇ ಪುಟ ಉಳಿದಿರೋದು ಸರ್,” ಎಂದಳು. ನೆಲದ ಮೇಲೆ ಕೂತುಬಿಟ್ಟಳು. ಮಕ್ಕಳೂ ಕೂತರು.

ಕೊನೆಯ ಪುಟ ಓದಿದೆ. “‘ಅಮ್ಮಾವ್ರು ನಡೆದುಕೊಂಡು ಅಜ್ಜಿಯ ಮನೆಗೆ ಬಂದರು. ಮನೆ ಸುತ್ತಿದರು. ಹಿಂಬಾಗಿಲು ಹುಡುಕಿದರು. ಸಿಗಲಿಲ್ಲ. ಅಜ್ಜಿಯ ಮನೆಗೆ ಒಂದೇ ಬಾಗಿಲು. ಮುಂದಿನದು. ಅದು ತೆರೆದೇ ಇತ್ತು.’”

ಮಕ್ಕಳ ಚಪ್ಪಾಳೆಗೆ ಮಿಸ್ ಅರ್ನೆಸ್ಟೀನ್ ಹ್ಯಾಟು ಮುಟ್ಟಿ ತಲೆ ಬಾಗಿಸಿದಳು. “ಇನ್ನೊಂದ್ಸಲಾ!” ಯಾವನೋ ಕಿರುಚಿದ.

ಮಿಸ್ ಹ್ಯಾಂಕಾಕ್‌ಗೆ ಬರುವ ವರ್ಷ ಕೆಲಸವಿಲ್ಲ ಎಂದು ಅವತ್ತೇ ಹೇಳಿದರಂತೆ. ನಾನು ಈಗಲೂ ಡಾಕಿನಲ್ಲೇ ಇದ್ದೇನೆ. ಕಾರುಗಳ ಸಾಲನ್ನು ಶಾಲೆಯ ಹಿಂದಕ್ಕೆ ತಿರುಗಿಸಿದರು. ನಾವು ಜಾಗ ಬದಲಿಸಿದೆವು. ಆಟದ ಬಯಲಿನ ತಂತಿಬೇಲಿಗೆ ತಾಗಿ ಇನ್ನೊಂದು ರಸ್ತೆ ಇದೆ. ಪಕ್ಕದ ಜಿಲ್ಲೆಯ ಮುದುಕಿ ತನ್ನ ಡಿಕ್ಕಿಯಿಂದ ಬೇರೆ ಪುಸ್ತಕಗಳನ್ನೂ ಕೊಟ್ಟಳು. ತನ್ನವು, ತನ್ನಂಥವರು ಬರೆದವು. ಶುಕ್ರವಾರ ಆಟದ ಹೊತ್ತಿಗೆ ಹೋಗಿ ನಿಂತು ಓದುತ್ತೇವೆ. ಈಗ ಡೆಲೋಯಿಸಳೂ ಓದುತ್ತಾಳೆ, ಹುಲಿಯ ದನಿ, ಕೋಳಿಯ ದನಿ ಎಲ್ಲ ತೆಗೆದು.

ಮೊನ್ನೆ ಹೋದಾಗ ಬೇಲಿಯುದ್ದಕ್ಕೂ ದಪ್ಪ ಹಸಿರು ಬಟ್ಟೆ ಕಟ್ಟಿದ್ದರು. ಮಕ್ಕಳಿಗೆ ಚಿತ್ರ ಕಾಣಬಾರದು. ನಮಗೆ ಮಕ್ಕಳು ಕಾಣಬಾರದು.

“ಹೋಗ್ಲಿ ಬಿಡು, ಕಿವಿಗೆ ಬಟ್ಟೆ ಕಟ್ಟಿಲ್ವಲ್ಲ,” ಎಂದಳು ಡೆಲೋಯಿಸ್. ಆದರೆ ಅವಳ ದನಿ ಕುಸಿದಿತ್ತು.

ಬಟ್ಟೆ ನೆಲ ಮುಟ್ಟಿರಲಿಲ್ಲ. ಕೆಳಗೆ ಒಂದು ಗೇಣು ಸಂದಿ. ಸಂದಿಯ ಆಚೆ ಪುಟ್ಟ ಪುಟ್ಟ ಶೂಗಳು ಬಂದು ಸಾಲಾಗಿ ನಿಂತವು. ಒಂದು ಕೈ ಸಂದಿಯಿಂದ ಹೊರಗೆ ಬಂತು. ಕಪ್ಪು ಕೈ. ಬೆರಳು ಆಡಿಸಿತು. ನಾನು ಬಗ್ಗಿ ಪುಸ್ತಕವನ್ನು ತಂತಿಯ ಅಡಿಯಿಂದ ತಳ್ಳಿದೆ. ಬಾತ ಕೈಗೆ ತಂತಿ ತರಚಿತು. ಪುಸ್ತಕ ಒಳಗೆ ಹೋಯಿತು.

ಪುಟ ತಿರುವುವ ಸದ್ದು. ಪಿಸುಮಾತು. ನೂಕಾಟ. ಆಮೇಲೆ ಇಮಾರಿಯ ದನಿ.

“ಅ... ಅಜ್ಜಿ. ಬು... ಬುಟ್ಟಿ... ಹೊ...”

ನಾವು ಮೂವರೂ ರಸ್ತೆಯ ಮಣ್ಣಿನಲ್ಲಿ ಬೂಟು ಹಾಕಿಕೊಂಡೇ ಕುಕ್ಕರಗಾಲಲ್ಲಿ ಕೂತೆವು.

“ಜೋರಾಗ್ ಓದೇ,” ಒಳಗೆ ಯಾವುದೋ ಮಗು ಅವಳನ್ನು ಗದರಿತು. “ಹೊರಗಡೆ ಇರೋರಿಗೆ ಕೇಳ್ತಿಲ್ಲ.”

ಅವಳು ಜೋರಾಗಿ ಓದಿದಳು.